ಎಷ್ಟ್ ದಿನಾ ಬರ್ತೀಯವಾ?

ಸಮಾಜಕಾರ್ಯ ಓದುವ ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿಗಳನ್ನು ಮೊದಲ ಸಲ ಓಣಿಗೆ ಕಳಿಸುವ ಮುಂಚೆ ಕಾಲೇಜಿನಲ್ಲಿ ಸಾಕಷ್ಟು ತಯಾರಿ ನಡೆಯುತ್ತದೆ. ಮಾತು ಹೇಗೆ ತೆಗೆಯಬೇಕು, ಎದುರಿನವರು ಸುಮ್ಮನಾದಾಗ ನಾವೂ ಎಷ್ಟು ಹೊತ್ತು ಸುಮ್ಮನಿರಬೇಕು, ಕೇಳಿದ್ದನ್ನು ಗುಟ್ಟಾಗಿ ಇಡುವುದೇಕೆ, ಯಾರ ಬಗ್ಗೆಯೂ ತೀರ್ಪು ಕೊಡಬಾರದೇಕೆ, ಎಲ್ಲದಕ್ಕೂ ಒಂದೊಂದು ತರಗತಿ. ಆದರೆ ಓಣಿಯಲ್ಲಿ ಕಾದಿರುವ ಪ್ರಶ್ನೆಯೇ ಬೇರೆ. ಧಾರವಾಡದ ಕಡೆಯಾದರೆ ಕಟ್ಟೆಯ ಮೇಲೆ ಕೂತ ಯಾವುದಾದರೂ ಅಜ್ಜಿ ಅದನ್ನು ಕೇಳಿಯೇ ತೀರುತ್ತಾಳೆ: ‘ಎಷ್ಟ್ ದಿನಾ ಬರ್ತೀಯವಾ?’

ಕ್ಷೇತ್ರಕಾರ್ಯದ ವರದಿ ಓದುವ, ವಾರಕ್ಕೊಮ್ಮೆ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತಾಡುವ ಕೆಲಸದಲ್ಲಿರುವ ನನಗೆ ಈ ಪ್ರಶ್ನೆ ಬೇರೆ ಬೇರೆ ಕೈಬರಹಗಳಲ್ಲಿ ಸಿಕ್ಕಿದೆ. ಹೆಚ್ಚಿನವರು ಅದನ್ನು ‘ಪರಿಚಯ’ ಎಂಬ ತಲೆಬರಹದ ಕೆಳಗೆ ಬರೆದು ಮುಂದೆ ಹೋಗುತ್ತಾರೆ. ಅಜ್ಜಿಯ ಮಟ್ಟಿಗೆ ಅದು ಪರಿಚಯದ ಮಾತಲ್ಲ. ಜನಗಣತಿಯವರು, ಪಡಿತರ ಚೀಟಿ ಪರಿಶೀಲಿಸುವವರು, ಚುನಾವಣೆ ಹತ್ತಿರ ಬಂದಾಗ ಕಾಲಿಗೆ ಬೀಳುವವರು, ಏಳು ದಿನದ ಎನ್.ಎಸ್.ಎಸ್. ಶಿಬಿರದವರು, ಯಾವುದೋ ಸಂಸ್ಥೆಯ ಸರ್ವೆ ಹುಡುಗರು, ಎಲ್ಲರೂ ಅವಳ ಅಂಗಳ ಹಾದು ಹೋಗಿದ್ದಾರೆ. ನಾಲ್ಕು ತಿಂಗಳಿಗೆಂದು ಬಂದವಳಿಗೆ ಮೊಣಕಾಲ ನೋವು ಹೇಳಿದರೆ ಸಾಕು. ಉಳಿಯುವವಳಾದರೆ ಮಗನ ಸುದ್ದಿ ಹೇಳಬಹುದು. ವಯಸ್ಸಾದವರು ತಮ್ಮ ಬದುಕಿನ ಕಥೆಯನ್ನು ಕೈಗಡ ಕೊಟ್ಟ ಹಾಗೆ, ಆಳು ನೋಡಿ ಅಳೆದು ಕೊಡುತ್ತಾರೆ.

ಈ ಪ್ರಶ್ನೆಗೆ ಉತ್ತರ ಹೇಳುವ ಹೊಣೆಯನ್ನು ಇಪ್ಪತ್ತೆರಡು ವರ್ಷದ ಹುಡುಗಿಯ ಮೇಲೆ ಹಾಕಿ ಕಾಲೇಜು ಕೈ ತೊಳೆದುಕೊಳ್ಳುತ್ತದೆ. ನನ್ನ ತಕರಾರು ಇರುವುದು ಅಲ್ಲಿ. ಅವಳೇನು ಹೇಳಿಯಾಳು? ‘ಬರ್ತಾ ಇರ್ತೀನಿ ಅಜ್ಜಿ’ ಅನ್ನುತ್ತಾಳೆ. ಆ ಹೊತ್ತಿಗೆ ಅದು ಸುಳ್ಳಲ್ಲ. ಪರೀಕ್ಷೆ ಮುಗಿದು, ಊರಿಗೆ ಹೋಗಿ, ಬೆಂಗಳೂರಿನಲ್ಲಿ ಎಚ್.ಆರ್. ಕೆಲಸ ಹಿಡಿದ ಮೇಲೆ ಸುಳ್ಳಾಗುತ್ತದೆ.

ಕ್ಷೇತ್ರಕಾರ್ಯ ಅಂದರೆ ಅಂಕಕ್ಕಾಗಿ ಸುತ್ತಿ ಬರುವುದಲ್ಲ, ಈ ಓದಿನ ಬೆನ್ನೆಲುಬೇ ಅದು. ಅಮೆರಿಕದ ಸಮಾಜಕಾರ್ಯ ಶಿಕ್ಷಣ ಮಂಡಳಿ 2008ರಲ್ಲಿ ಅದನ್ನು ಈ ಓದಿನ ಗುರುತಿನ ಬೋಧನಾಕ್ರಮ ಎಂದು ಕರೆದು, ತರಗತಿಯ ಪಾಠಕ್ಕೆ ಸಮನಾದ ಸ್ಥಾನ ಕೊಟ್ಟಿತು. ಅಲ್ಲಿ ಸ್ನಾತಕೋತ್ತರ ಪದವಿಗೆ ಕನಿಷ್ಠ 900 ಗಂಟೆ ಕ್ಷೇತ್ರದಲ್ಲಿ ಕಳೆಯಬೇಕು. ನಮ್ಮಲ್ಲಿ ಬಹುತೇಕ ಕಡೆ ವಾರಕ್ಕೆ ಎರಡು ದಿನ, ನಡುವೆ ಒಂದು ಗ್ರಾಮೀಣ ಶಿಬಿರ, ಕೊನೆಗೆ ಒಂದು ತಿಂಗಳ ಬ್ಲಾಕ್ ಪ್ಲೇಸ್‌ಮೆಂಟ್. ಯಾವುದೋ ಸ್ವಯಂಸೇವಾ ಸಂಸ್ಥೆಗೋ ಆಸ್ಪತ್ರೆಗೋ ವೃದ್ಧಾಶ್ರಮಕ್ಕೋ ಕಾಲೇಜಿನಿಂದ ಪತ್ರ ಹೋಗುತ್ತದೆ, ಅಲ್ಲಿಂದ ಒಪ್ಪಿಗೆ ಬರುತ್ತದೆ. ಕಾಲೇಜಿಗೆ ಗಂಟೆಗಳು ಸಿಗುತ್ತವೆ, ಸಂಸ್ಥೆಗೆ ಸಂಬಳ ಕೇಳದ ಎರಡು ಕೈ ಸಿಗುತ್ತವೆ. ಮನೆ ಬಾಗಿಲು ತೆರೆದು, ಚಹಾ ಕೊಟ್ಟು, ತನಗಾದ ಅವಮಾನಗಳನ್ನೆಲ್ಲ ಪಾಠವಾಗಿ ಒಪ್ಪಿಸಿದವಳ ಸಹಿ ಆ ಕಾಗದದಲ್ಲಿ ಎಲ್ಲೂ ಇರುವುದಿಲ್ಲ.

ಈ ಓದು ಹುಟ್ಟಿದಾಗ ಹೀಗಿರಲಿಲ್ಲ. 1884ರಲ್ಲಿ ಲಂಡನ್ನಿನ ಪೂರ್ವದ ಬಡಕೇರಿಯಲ್ಲಿ ಟಾಯ್ನ್‌ಬಿ ಹಾಲ್ ಬಂತು. 1889ರಲ್ಲಿ ಷಿಕಾಗೋದಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಹಲ್ ಹೌಸ್ ಶುರು ಮಾಡಿದರು. ಓದಿದವರು ವಲಸಿಗರ, ಕೂಲಿಗಳ ನಡುವೆ ಮನೆ ಮಾಡಿ ಇದ್ದರು. ಅಲ್ಲೇ ನೀರು ಹಿಡಿದರು, ಅಲ್ಲಿನ ಕಸದ ನಾತ ಕುಡಿದರು, ಆ ಕಸ ತೆಗೆಸಲು ನಗರಸಭೆಯೊಂದಿಗೆ ಜಗಳ ಕಾದರು. ಅದೇ ಕಾಲದಲ್ಲಿ ದಾನಸಂಘಗಳ ಹೆಂಗಸರು ಬಡವರ ಮನೆಗಳಿಗೆ ಭೇಟಿ ಕೊಟ್ಟು, ಸ್ಥಿತಿಗತಿ ಬರೆದುಕೊಂಡು, ಸಂಜೆಗೆ ತಮ್ಮ ಮನೆಗೆ ಮರಳುತ್ತಿದ್ದರು. ಈ ಎರಡನೆಯ ಸಾಲಿನಿಂದ ಬಂದ ಮೇರಿ ರಿಚ್ಮಂಡ್ 1917ರಲ್ಲಿ ಬರೆದ ಪುಸ್ತಕ ವ್ಯಕ್ತಿಗತ ಸಮಾಜಕಾರ್ಯಕ್ಕೆ ಒಂದು ಶಿಸ್ತು ಕೊಟ್ಟಿತು. ಹಾಗಾಗಿ ಅವರನ್ನು ಹಗುರಾಗಿ ಕಾಣುವಂತಿಲ್ಲ. ಆದರೂ ಉಳಿಯುವವರು, ಬಂದು ಹೋಗುವವರು ಎಂಬ ಎರಡು ಬಳಿಗಳು ಇದರ ರಕ್ತದಲ್ಲೇ ಇವೆ.

ನಮ್ಮ ದೇಶದ ಮೊದಲ ಸಮಾಜಕಾರ್ಯ ಶಾಲೆ ಉಳಿಯುವವರ ಬಳಿಯದು. ಮುಂಬೈಯ ನಾಗಪಾಡಾದಲ್ಲಿ ಕಾರ್ಮಿಕರ ಕೇರಿಯ ನಡುವೆ ಕ್ಲಿಫರ್ಡ್ ಮಾನ್‌ಶಾರ್ಟ್ ನಡೆಸುತ್ತಿದ್ದ ನೇಬರ್‌ಹುಡ್ ಹೌಸ್ ಇತ್ತು. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆ 20 ವಿದ್ಯಾರ್ಥಿಗಳೊಂದಿಗೆ ಆ ಮನೆಯಲ್ಲೇ ಪಾಠ ಶುರು ಮಾಡಿತು. ಇಂದು ನಾವು ಟಿಸ್ ಎನ್ನುವುದು ಅದನ್ನೇ. ಕೇರಿಯ ಮನೆ ಮೊದಲು, ಶಾಲೆ ಅದರ ಆಸರೆಯಲ್ಲಿ ಆಮೇಲೆ. 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯ ಬಂತು. ಮುಂದೆ ವಿಶ್ವವಿದ್ಯಾಲಯಗಳು ವಿಭಾಗಗಳನ್ನು ತೆರೆದವು. ಈಗ ಜಿಲ್ಲೆಗೆ ಹಲವು ಕಾಲೇಜುಗಳಲ್ಲಿ ಎಂ.ಎಸ್.ಡಬ್ಲ್ಯು. ಇದೆ. ಬೆಳೆದದ್ದು ಒಳ್ಳೆಯದೇ. ಬಡವರ ಮನೆಯ, ಹಳ್ಳಿಯ ಮಕ್ಕಳು ಈ ಓದಿಗೆ ಬಂದದ್ದು ಅದರಿಂದಲೇ. ಆದರೆ ಪಾಠ ಕ್ಯಾಂಪಸ್ಸಿಗೆ ಹೋಯಿತು, ಕೇರಿಗೆ ಬಸ್ಸು ಹತ್ತಿ ಹೋಗಬೇಕಾಯಿತು.

ಧಾರವಾಡದಲ್ಲಿ ಕೂತು ಮುಪ್ಪಿನ ಬಗ್ಗೆ ಬರೆಯುವವರು ಎಚ್.ಎಂ. ಮರುಳಸಿದ್ಧಯ್ಯನವರನ್ನು ದಾಟಿ ಹೋಗಲಾಗದು. ಕೂಡ್ಲಿಗಿ ಸೀಮೆಯವರು. ವಯಸ್ಸಾದವರ ಬಾಳು ಅಧ್ಯಯನದ ವಸ್ತು ಎಂದು ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯದಿದ್ದ ಕಾಲದಲ್ಲಿ ಅವರು ಮಾಕುಂಟಿ ಎಂಬ ಹಳ್ಳಿಯ ಮುದುಕರನ್ನು ಕುರಿತು ಕೆಲಸ ಮಾಡಿದರು. ಕರ್ನಾಟಕ ವಿಶ್ವವಿದ್ಯಾಲಯ 1969ರಲ್ಲಿ ಅದನ್ನು ಪುಸ್ತಕವಾಗಿ ತಂದಿತು. ಅದಕ್ಕೂ ಮುಂಚೆ, 1960ರ ದಶಕದ ನಡುವಿನಲ್ಲೇ, ಹಿರಿಯರ ಅಧಿಕಾರ ಕುಗ್ಗುತ್ತಿರುವುದರ ಬಗ್ಗೆ ಅವರು ಲೇಖನ ಬರೆದಿದ್ದರು. ಈ ಇಸವಿಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಒತ್ತಿ ಹೇಳುತ್ತೇನೆ. ‘ನಮ್ಮ ಅಜ್ಜನ ಕಾಲದಲ್ಲಿ ಹಿರಿಯರಿಗೆ ಎಷ್ಟು ಮರ್ಯಾದೆ ಇತ್ತು’ ಎಂದು ನಿಟ್ಟುಸಿರು ಬಿಡುವವರ ಅಜ್ಜನ ಕಾಲ ಇದೇ. ಮೊಬೈಲು, ಐ.ಟಿ. ಕಂಪನಿ, ಧಾರಾವಾಹಿ ಯಾವುದೂ ಇಲ್ಲದ ಹಳ್ಳಿಯಲ್ಲೂ ಹೊಲದ ಪಾಲು, ತಿಜೋರಿಯ ಕೀಲಿ, ಮಾತಿಗೆ ಬೆಲೆ, ಎಲ್ಲಕ್ಕೂ ತಿಕ್ಕಾಟವಿತ್ತು. ಕೂಡು ಕುಟುಂಬವನ್ನು ದೇವರ ಕೋಣೆಯಲ್ಲಿ ಇಟ್ಟು ಪೂಜಿಸುವವರಿಂದ ಇಂದಿನ ಕುಟುಂಬಕ್ಕೆ ಉಪಕಾರವಾಗುವುದಿಲ್ಲ. ಅವರ ಕಣ್ಣಿಗೆ ಎಲ್ಲ ಮಗನೂ ಕಟುಕ, ಎಲ್ಲ ಸೊಸೆಯೂ ಮಾರಿ.

ಆ ಕಣ್ಣು ವಿದ್ಯಾರ್ಥಿಗಳಿಗೂ ಬರುತ್ತದೆ, ಅದಕ್ಕೆ ಅರ್ಧ ಕಾರಣ ನಾವೇ ಅವರನ್ನು ಕಳಿಸುವ ಜಾಗ. ಹಿರಿಯರೊಂದಿಗೆ ಕೆಲಸ ಅಂದರೆ ವೃದ್ಧಾಶ್ರಮ ಎಂದು ನಿಗದಿಯಾಗಿಬಿಟ್ಟಿದೆ. ಅಲ್ಲಿ ಹಾಜರಿ ಪುಸ್ತಕಕ್ಕೆ ಸೀಲು ಹಾಕುವವರಿದ್ದಾರೆ, ಕೂರಲು ಕುರ್ಚಿ ಇದೆ, ಫೋಟೋ ತೆಗೆಯಬಹುದು. ಆದರೆ ದೇಶದ ಹಿರಿಯರ ಬಹುದೊಡ್ಡ ಪಾಲು ಇರುವುದು ಮನೆಗಳಲ್ಲಿ. 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ 2017–18ರಲ್ಲಿ ನಡೆದ ಲಾಸಿ ಸಮೀಕ್ಷೆಯ ಪ್ರಕಾರ 60 ದಾಟಿದವರಲ್ಲಿ ಒಬ್ಬರೇ ಇರುವವರು ನೂರಕ್ಕೆ ಆರರಷ್ಟು. ಉಳಿದವರು ಗಂಡನೊಂದಿಗೆ, ಹೆಂಡತಿಯೊಂದಿಗೆ, ಮಕ್ಕಳು ಮೊಮ್ಮಕ್ಕಳೊಂದಿಗೆ ಇದ್ದಾರೆ, ಜಗಳವಾಡುತ್ತ, ಹೊಂದಿಕೊಳ್ಳುತ್ತ. ವೃದ್ಧಾಶ್ರಮವೊಂದನ್ನೇ ನೋಡಿದವರಿಗೆ ಮುಪ್ಪೆಂದರೆ ಕೈಬಿಟ್ಟ ಸ್ಥಿತಿ ಎಂಬ ಭಾವನೆ ಕೂತುಬಿಡುತ್ತದೆ. ಅಮೆರಿಕದ ಜಾನ್ ಎ. ಹಾರ್ಟ್‌ಫರ್ಡ್ ಪ್ರತಿಷ್ಠಾನ 2000ದ ಆಸುಪಾಸಿನಲ್ಲಿ ಸಮಾಜಕಾರ್ಯ ಶಾಲೆಗಳಿಗೆ ಹಣ ಕೊಟ್ಟು ಮಾಡಿಸಿದ ಒಂದು ಬದಲಾವಣೆ ನನಗೆ ಹಿಡಿಸಿದ್ದು ಈ ಕಾರಣಕ್ಕೆ. ವಿದ್ಯಾರ್ಥಿಯನ್ನು ವರ್ಷವಿಡೀ ಒಂದೇ ಕಡೆ ಕೂರಿಸದೆ, ಗಟ್ಟಿಮುಟ್ಟಾದ ಹಿರಿಯರು ಸೇರುವ ಕೇಂದ್ರದಿಂದ ಹಿಡಿದು ಹಾಸಿಗೆ ಹಿಡಿದವರ ಮನೆಯವರೆಗೆ ಹಲವು ಕಡೆ ತಿರುಗಿಸುವುದು. ಯಾವ ಕಡೆ ಏನು ಕಲಿಸಬೇಕೆಂಬುದನ್ನು ಕಾಲೇಜೂ ಸ್ಥಳೀಯ ಸಂಸ್ಥೆಗಳೂ ಕೂತು ಒಟ್ಟಿಗೆ ತೀರ್ಮಾನಿಸುವುದು. ಅವರ ಹಣ ನಮ್ಮಲ್ಲಿಲ್ಲ. ಕೂತು ತೀರ್ಮಾನಿಸಲು ಹಣ ಬೇಕಿಲ್ಲ.

ಒಬ್ಬ ವಿದ್ಯಾರ್ಥಿನಿಯ ವರದಿಯಲ್ಲಿ ‘ಸೊಸೆಯಿಂದ ನಿರ್ಲಕ್ಷ್ಯ’ ಎಂದಿತ್ತು. ಆಧಾರ: ಅತ್ತೆಯ ಸೀರೆ ಒದ್ದೆಯಾಗಿತ್ತು, ಸೊಸೆ ಮಾತಾಡಿಸದೆ ಒಳಗೆ ಹೋದಳು, ದನಿ ಗಡುಸಾಗಿತ್ತು. ‘ಆಕೆ ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತಾಳೆ?’ ಎಂದು ಕೇಳಿದೆ. ಹುಡುಗಿಗೆ ಗೊತ್ತಿರಲಿಲ್ಲ. ಮುಂದಿನ ವಾರ ತಂದ ಪುಟಗಳಲ್ಲಿ ಅದೇ ಮನೆ ಬೇರೆ ಮನೆಯಾಗಿತ್ತು. ಅತ್ತೆಗೆ ಮರೆವು. ನಡುರಾತ್ರಿ ಎದ್ದು ಚಿಲಕ ತೆಗೆದು ತವರಿಗೆ ಹೊರಡುತ್ತಾಳೆ. ಆ ತವರಿನಲ್ಲಿ ಈಗ ಯಾರೂ ಇಲ್ಲ. ಅದಕ್ಕೆ ಸೊಸೆ ತನ್ನ ಸೆರಗಿನ ತುದಿಯನ್ನು ಅತ್ತೆಯ ಮುಂಗೈಗೆ ಸಡಿಲವಾಗಿ ಕಟ್ಟಿಕೊಂಡು ಮಲಗುತ್ತಾಳೆ, ಎಳೆದರೆ ಎಚ್ಚರವಾಗಲಿ ಎಂದು. ನಾಲ್ಕಕ್ಕೆ ಏಳುವುದು, ನೀರು ಕಾಯಿಸುವುದು, ಅತ್ತೆಗೆ ಮೈ ತೊಳೆಸುವುದು. ಒದ್ದೆಯಾದ ಕೌದಿ ಹಿಂಡಿ ಒಣಹಾಕುವುದು. ನೀರು ಕುಡಿದ ಕೌದಿಯ ಭಾರ ಹಿಂಡಿದವರಿಗೇ ಗೊತ್ತು. ಎಂಟಕ್ಕೆ ಖಾನಾವಳಿಗೆ ರೊಟ್ಟಿ ಬಡಿಯಲು ಹೋಗಬೇಕು. ಹೋಗುವಾಗ ಪಕ್ಕದ ಮನೆಯವಳಿಗೆ ‘ಒಂದ್ ಕಣ್ಣಿಡ್ರಿ’ ಎಂದು ಹೇಳಿ ಹೋಗುತ್ತಾಳೆ. ಸೊಸೆಗೇ ಐವತ್ತಾರು, ಸಕ್ಕರೆ ಕಾಯಿಲೆ ಬೇರೆ. ಹುಡುಗಿ ನಮೂನೆ ತುಂಬುತ್ತಿರುವಾಗ ಆಕೆ ಬಾಗಿಲಲ್ಲಿ ನಿಂತು ಕೇಳಿದಳಂತೆ: ‘ಇದ್ರಾಗ ನನ್ನ ಹೆಸರ ಎಲ್ಲಿ ಬರಿತೀರಿ ಮೇಡಮ್ಮಾರ?’

ನಮೂನೆಯಲ್ಲಿ ಹಿರಿಯ ನಾಗರಿಕರ ಹೆಸರಿಗೆ ಜಾಗವಿತ್ತು, ಗಂಡ ಅಥವಾ ತಂದೆಯ ಹೆಸರಿಗೆ, ಮಕ್ಕಳ ಹೆಸರು ಮತ್ತು ಉದ್ಯೋಗಕ್ಕೆ ಜಾಗವಿತ್ತು. ನೋಡಿಕೊಳ್ಳುವವರು ಯಾರು ಎಂಬ ಕಾಲಂ ಇರಲಿಲ್ಲ. ನಮ್ಮ ನಮೂನೆಯನ್ನೇ ಬೈದು ಫಲವಿಲ್ಲ; ಕಾನೂನಿನಲ್ಲೂ ಆಕೆ ಇಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ ಪ್ರಕಾರ ಮಕ್ಕಳೆಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ, ಅಳಿಯರನ್ನು ಸೇರಿಸುವ ಪ್ರಸ್ತಾಪ 2019ರ ತಿದ್ದುಪಡಿ ಮಸೂದೆಯಲ್ಲಿತ್ತು, ಅದು ಕಾಯ್ದೆಯಾಗಲಿಲ್ಲ. ಆಗಿದ್ದರೆ ಆಕೆಗೆ ಹೊಣೆ ಬರುತ್ತಿತ್ತೇ ಹೊರತು ಒಂದು ರಾತ್ರಿಯ ನಿದ್ದೆ ಬರುತ್ತಿರಲಿಲ್ಲ. ಹಣವನ್ನು ಮಗನಿಂದ ಕೇಳಬಹುದು. ಕೌದಿ ಹಿಂಡುವ ಕೈ ಕಾಯ್ದೆಯ ಹೊರಗೇ ಇದೆ.

ನೋಡಿಕೊಳ್ಳುವವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಬುದ್ಧಿ ಮನೋವೈದ್ಯದಲ್ಲಿ ಮೊದಲೇ ಬಂದಿತ್ತು. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರಿಗೂ ಆವರಣದಲ್ಲೇ ಡೇರೆ ಹಾಕಿಸಿ ಇರಿಸಿಕೊಂಡರು. ನಮ್ಮ ನಿಮ್ಹಾನ್ಸ್‌ನ ಕುಟುಂಬ ಮನೋವೈದ್ಯ ಕೇಂದ್ರದಲ್ಲಿ ಮನೆಯವರೂ ಒಳರೋಗಿಯ ಜೊತೆ ಉಳಿಯುತ್ತಾರೆ. ತಪ್ಪು ಮಾಡಿದ ಕುಟುಂಬ ಎಂದು ದೂರ ಇಡುವ ಬದಲು, ದಣಿದ ಕುಟುಂಬ ಎಂದು ಹತ್ತಿರ ಕರೆಯುವುದು. ವಯಸ್ಸಾದವರ ವಿಷಯದಲ್ಲಿ ನಾವಿನ್ನೂ ಅಷ್ಟು ದೂರ ಬಂದಿಲ್ಲ.

ಈ ಮನೆಗಳೊಳಗೆ ಸರ್ಕಾರವೂ ಒಂದು ಆಳಾಗಿ ಓಡಾಡುತ್ತಿದೆ. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಬಂತು: ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವವಳಿಗೆ ತಿಂಗಳಿಗೆ 2,000 ರೂಪಾಯಿ. ಯಜಮಾನಿ ಅತ್ತೆಯೋ ಸೊಸೆಯೋ ಎಂದು ಆಗ ರಾಜ್ಯವೆಲ್ಲ ನಗೆಚಾಟಿಕೆಯಾಯಿತು. ಓಣಿಯಲ್ಲಿ ಅದು ನಗೆಚಾಟಿಕೆಯಾಗಿರಲಿಲ್ಲ. ಎಷ್ಟೋ ವರ್ಷ ಮೂಲೆ ಸೇರಿದ್ದ ಅತ್ತೆ ಒಂದೇ ಕಾಗದದಿಂದ ಮನೆಯ ಗಳಿಕೆದಾರಳಾದಳು. ಎಷ್ಟೋ ಕಡೆ ಸೊಸೆ ಚೀಟಿಯನ್ನೇ ಬೇರೆ ಮಾಡಿಸಲು ಓಡಾಡಿದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿ ಬಂತು. ಹಣ ಬಂದರೆ ಪ್ರೀತಿ ಬರುತ್ತದೆ ಎಂದು ನಾನು ಹೇಳಲಾರೆ, ಆದರೆ ಮಾತಿಗೆ ಬೆಲೆ ಬಂದದ್ದನ್ನು ವಿದ್ಯಾರ್ಥಿಗಳ ಪುಟಗಳಲ್ಲಿ ಓದಿದ್ದೇನೆ.

ಕಾಯ್ದೆಯ ಮಾತಿಗೆ ಬಂದರೆ, ವಿದ್ಯಾರ್ಥಿಗೆ ಅದನ್ನು ಕಲಿಸುವುದು ವೃದ್ಧಾಶ್ರಮದಲ್ಲಿ ಭಜನೆ ಹಾಡಿಸುವುದಕ್ಕಿಂತ ಹೆಚ್ಚು ಉಪಯೋಗದ್ದು. ದೂರು ಕೊಡಬೇಕಾದದ್ದು ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ. ಮೇಲ್ಮನವಿ ಜಿಲ್ಲಾಧಿಕಾರಿಗೆ. ಓಡಾಡಲಾಗದವರ ಪರವಾಗಿ ಅವರು ಒಪ್ಪಿದ ವ್ಯಕ್ತಿಯೋ ಸಂಸ್ಥೆಯೋ ಅರ್ಜಿ ಹಾಕಬಹುದು. ನೋಟಿಸು ತಲುಪಿದ 90 ದಿನದೊಳಗೆ ಮುಗಿಸಬೇಕು, ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ ಕೊಡಿಸಬಹುದು. ವಿಚಾರಣೆಗೆ ಮೊದಲು ರಾಜಿಗೆ ಒಬ್ಬ ಅಧಿಕಾರಿಯ ಹತ್ತಿರ ಕಳಿಸುವ ಅವಕಾಶವೂ ಇದೆ. ಸಮಾಜಕಾರ್ಯ ಕಲಿತವರ ಕೆಲಸ ನಿಜವಾಗಿ ಇರುವುದು ಆ ಮೆಟ್ಟಿಲಲ್ಲಿ. ತಂದೆ ತಾಯಿಗಳಲ್ಲಿ ಹೆಚ್ಚಿನವರಿಗೆ ಮಗನ ಮೇಲೆ ಆದೇಶ ಬೇಕಿಲ್ಲ, ಮಗ ಬೇಕು; ಆದೇಶ ಕೈಗೆ ಬಂದ ದಿನವೇ ಮಗ ಕೈ ತಪ್ಪಿದ ಎಂದು ಅಳುವವರಿದ್ದಾರೆ.

23ನೇ ಕಲಂ ಒಂದು ಮಾತ್ರ ಬಾಯಿಪಾಠವಾಗಬೇಕು. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಬರೆಸಿಕೊಂಡ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಆದರೆ ದಾನಪತ್ರದಲ್ಲಿ ಆ ಷರತ್ತು ಇರಬೇಕು ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. ಕಾಯ್ದೆ ಹಿರಿಯರ ಒಳಿತಿಗಾಗಿ ಇರುವುದರಿಂದ ಅದನ್ನು ಉದಾರವಾಗಿ ಓದಬೇಕು ಎಂದು 2025ರ ಜನವರಿಯಲ್ಲಿ ಹೇಳಿತು. ಎರಡರ ನಡುವೆ ವಕೀಲರು ಏನು ಬೇಕಾದರೂ ವಾದಿಸಲಿ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೊರಟು ನಿಂತ ಅಜ್ಜನಿಗೆ, ‘ನಿಮ್ಮನ್ನ ನೋಡಿಕೊಳ್ಳೋ ಮಾತು ಕಾಗದದಾಗ ಬರಸ್ರಿ ಅಜ್ಜಾರ’ ಎಂದು ಯಾರಾದರೂ ಹಿಂದಿನ ದಿನ ಹೇಳಿದರೆ ಸಾಕು. ಮಗನ ಮೇಲೆ ಅಪನಂಬಿಕೆ ತೋರಿಸಿದಂತಾಗುತ್ತದೆ ಎಂದು ಅಜ್ಜ ಅಳುಕುತ್ತಾನೆ. ಆ ಅಳುಕಿನ ಜೊತೆ ಒಂದು ಗಂಟೆ ಕೂತು ಮಾತಾಡುವುದೂ ಪಾಠವೇ.

ಬಿಟ್ಟು ಹೋಗುವುದನ್ನೂ ನಾವು ಕಲಿಸುತ್ತೇವೆ. ಸಂಬಂಧ ಮುಗಿಸುವ ಹಂತಕ್ಕೆ ಪಠ್ಯದಲ್ಲಿ ಒಂದು ಅಧ್ಯಾಯವೇ ಇದೆ: ಮೊದಲೇ ಸೂಚನೆ ಕೊಡಿ, ಅವಲಂಬನೆ ಬೆಳೆಸಬೇಡಿ, ಸಾಧಿಸಿದ್ದನ್ನು ನೆನಪಿಸಿ. ಓದಲು ಚೆಂದ. ಗಂಡ ಸತ್ತ, ಓರಗಿತ್ತಿ ಸತ್ತ, ಮಗಳು ದೂರ ಹೋದ ಮನೆಯಲ್ಲಿ ವಾರಕ್ಕೆ ಎರಡು ಸಲ ಬರುತ್ತಿದ್ದ ಹುಡುಗಿಯೂ ಹೋದಳು ಎಂಬ ಲೆಕ್ಕ ಆ ಅಧ್ಯಾಯದಲ್ಲಿಲ್ಲ. ವಿದ್ಯಾರ್ಥಿನಿಯೂ ಅಳುತ್ತಾಳೆ, ಅವಳ ಕಣ್ಣೀರನ್ನು ನಾವು ಸಂವೇದನೆ ಎಂದು ಕರೆದು ಅಂಕ ಕೊಡುತ್ತೇವೆ. ಅಜ್ಜಿಯ ಮನೆಗೆ ಆಗಸ್ಟಿನಲ್ಲಿ ಮತ್ತೊಬ್ಬಳು ಬಂದು, ‘ನಿಮ್ಮ ಹೆಸರೇನು, ಎಷ್ಟು ಮಕ್ಕಳು’ ಎಂದು ಮೊದಲಿನಿಂದ ಶುರು ಮಾಡುತ್ತಾಳೆ. ಇದಕ್ಕಿಂತ ದೊಡ್ಡ ಅಗೌರವ ನನಗೆ ತೋಚುವುದಿಲ್ಲ. ಒಬ್ಬಳ ಕಲಿಕೆಗಾಗಿ ಇನ್ನೊಬ್ಬಳು ತನ್ನ ಗಂಡನ ಸಾವನ್ನು ವರ್ಷಕ್ಕೊಮ್ಮೆ ಹೇಳಬೇಕು.

ಕೇರಳದ ಮಲಪ್ಪುರಂ, ಕೋಯಿಕ್ಕೋಡ್ ಕಡೆ ಉಪಶಮನ ಆರೈಕೆಯ ನೆರೆಹೊರೆ ಜಾಲ ನಿಂತಿರುವುದು ಬೇರೆ ತಳಪಾಯದ ಮೇಲೆ. ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗುವವರು ಅದೇ ಊರಿನವರು. ಹಣದ ಬಹುಪಾಲು ಊರವರ ಸಣ್ಣ ಸಣ್ಣ ವಂತಿಗೆ. ಅಲ್ಲಿ ಬಿಟ್ಟು ಹೋಗುವ ಅಧ್ಯಾಯ ಬೇಕಾಗುವುದಿಲ್ಲ, ಸಂತೆಯಲ್ಲಿ ಮತ್ತೆ ಮುಖ ನೋಡಬೇಕಲ್ಲ. ಸರ್ಕಾರ 2008ರಲ್ಲಿ ನೀತಿ ತಂದದ್ದು ಜನ ಅದನ್ನು ಮಾಡಿ ತೋರಿಸಿದ ಮೇಲೆ. ವಿದ್ಯಾರ್ಥಿಗಳು ಊರವರಾಗಲಾರರು. ಆದರೆ ಕಾಲೇಜು ಊರಿನದೇ. ಅದರ ಕಟ್ಟಡ ಅಲ್ಲೇ ಇರುತ್ತದೆ, ವರ್ಷ ವರ್ಷವೂ ಹೊಸ ತಂಡ ಬರುತ್ತದೆ. ಇಪ್ಪತ್ತು ವರ್ಷ ಒಂದೇ ಓಣಿಯೊಂದಿಗೆ ಇರುವ ಶಕ್ತಿ ಕಾಲೇಜಿಗೆ ಉಂಟು, ಮಾಡುವುದು ಬೇರೆ. ಈ ವರ್ಷ ಈ ಸಂಸ್ಥೆ, ಮುಂದಿನ ವರ್ಷ ಇನ್ನೊಂದು, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ಸಮಿತಿ ಬರುವಾಗ ಎಲ್ಲ ಒಪ್ಪಂದ ಪತ್ರಗಳನ್ನೂ ಕಡತದಲ್ಲಿ ಜೋಡಿಸಿಟ್ಟು ‘ಸಹಭಾಗಿತ್ವ’ ಎಂಬ ಲೇಬಲ್ಲು ಅಂಟಿಸುತ್ತೇವೆ.

ಅಕ್ಟೋಬರ್ 1ರ ಬಗ್ಗೆ ಒಂದು ಮಾತು ಹೇಳದಿರಲಾರೆ. ವಿಶ್ವಸಂಸ್ಥೆ 1990ರಲ್ಲಿ ಆ ದಿನವನ್ನು ಹಿರಿಯರಿಗೆ ಕೊಟ್ಟಿತು. ನಾವು ಅದನ್ನು ಶಾಲಿಗೂ ಹಣ್ಣಿನ ಬುಟ್ಟಿಗೂ ಕೊಟ್ಟೆವು. ಬೆಳಿಗ್ಗೆ ಹತ್ತಕ್ಕೆ ಕರೆದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂರಿಸಿದ ಅಜ್ಜ ಅಜ್ಜಿಯರು ಅಧ್ಯಕ್ಷರು ಬರುವ ಹನ್ನೆರಡೂವರೆಯವರೆಗೆ ಮೂತ್ರ ತಡೆದುಕೊಂಡು ಕೂತಿರುತ್ತಾರೆ. ಮೆಟ್ಟಿಲಿಲ್ಲದ ಶೌಚಾಲಯ ಎಲ್ಲಿದೆ ಎಂದು ಮೊದಲು ನೋಡಿ ಬಂದವರಿಗೆ ನಾನಾದರೆ ಹೆಚ್ಚು ಅಂಕ ಕೊಡುತ್ತೇನೆ, ಭಾಷಣ ಬರೆದವರಿಗಲ್ಲ.

ಬೇಕಾದದ್ದು ದೊಡ್ಡ ಯೋಜನೆಯಲ್ಲ. ಒಂದೇ ಓಣಿ, ಅದೇ ಮನೆಗಳು, ತಂಡದಿಂದ ತಂಡಕ್ಕೆ ಕೈ ಬದಲಾಗುವ ಒಂದು ಕಡತ. ಅದರಲ್ಲಿ ಏನೇನು ಇರಬಹುದು ಎಂದು ಅಜ್ಜಿಯನ್ನೇ ಕೇಳಬೇಕು. ಕೆಲವು ಮಾತು ಬರೆಯಬೇಡ ಅನ್ನುತ್ತಾಳೆ, ಅದನ್ನು ಬರೆಯಬಾರದು. ಹಳೆಯ ವಿದ್ಯಾರ್ಥಿ ಹೊಸಬಳನ್ನು ಕರೆದುಕೊಂಡು ಹೋಗಿ ಪರಿಚಯಿಸಬೇಕು. ಬೇಸಿಗೆ ರಜೆಯ ತಿಂಗಳುಗಳಲ್ಲಿ ಯಾರಿಗೆ ಫೋನ್ ಮಾಡಬೇಕು ಎಂದು ಅಧ್ಯಾಪಕರೊಬ್ಬರ ನಂಬರು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿರಬೇಕು. ಬೆಂಗಳೂರಿನ ಹಿರಿಯರ ಸಹಾಯವಾಣಿ 1090ನ್ನು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಗರ ಪೊಲೀಸರೊಂದಿಗೆ ಸೇರಿ 2002ರಲ್ಲಿ ಶುರು ಮಾಡಿತು. ದೇಶಕ್ಕೆಲ್ಲ 14567 ಬಂದಿದೆ. ಅವು ಬೇಕು. ಆದರೆ ಫೋನ್ ಎತ್ತಿದವರಿಗೆ ತನ್ನ ಮನೆ ಗೊತ್ತಿದೆ ಎಂಬ ಧೈರ್ಯದ ಸುಖ ಬೇರೆ.

ಆ ಕಡತದಿಂದ ಏನಾಗುತ್ತದೆ ಎಂಬುದಕ್ಕೆ ಒಂದು ಸಂಧ್ಯಾ ಸುರಕ್ಷೆಯ ಕಥೆ. ತಿಂಗಳಿಗೆ 1,200 ರೂಪಾಯಿಯ ಪಿಂಚಣಿ. ಮೊದಲ ತಂಡದ ಹುಡುಗ ಬರೆದದ್ದು ಇಷ್ಟೆ: ‘ಅಜ್ಜಿಯ ಪೆನ್ಷನ್ ನಿಂತಿದೆ. ನಾಡಕಚೇರಿಗೆ ಅರ್ಜಿ ಕೊಡಲಾಗಿದೆ.’ ಸೆಮಿಸ್ಟರು ಮುಗಿಯಿತು. ಎರಡನೆಯ ತಂಡದವಳು ಆ ಸಾಲಿನಿಂದ ಶುರು ಮಾಡಿದಳು. ನಾಡಕಚೇರಿಯಲ್ಲಿ, ಹಣ ಹೋಗುತ್ತಿದೆ ಎಂದರು. ಅಂಚೆ ಕಚೇರಿಯಲ್ಲಿ, ಬರುತ್ತಿಲ್ಲ ಎಂದರು. ಇಬ್ಬರು ಹೇಳಿದ್ದೂ ನಿಜ. ಎರಡು ವರ್ಷದ ಹಿಂದೆ ಯಾವುದೋ ಬ್ಯಾಂಕಿನವರು ಓಣಿಯಲ್ಲಿ ಕ್ಯಾಂಪು ಹಾಕಿ ಎಲ್ಲರಿಗೂ ಖಾತೆ ತೆಗೆದುಕೊಟ್ಟಿದ್ದರು, ಅದಕ್ಕೆ ಆಧಾರ್ ಜೋಡಿಸಿದ್ದರು. ಆಧಾರ್ ಮೂಲಕ ಬರುವ ಹಣ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೇ ಹೋಗುತ್ತದೆ. ಅಜ್ಜಿಯ ಪಿಂಚಣಿ ತಿಂಗಳು ತಿಂಗಳೂ ಅವಳಿಗೆ ಗೊತ್ತೇ ಇಲ್ಲದ ಖಾತೆಯಲ್ಲಿ ಬೀಳುತ್ತಿತ್ತು. ಅತ್ತ ಆಕೆ ಅಂಗಡಿಯಲ್ಲಿ ಉದ್ರಿ ಹೇಳುತ್ತಿದ್ದಳು. ಮಗ ತಿಂದಿರಬಹುದು ಎಂದು ಓಣಿಯವರಿಗೆ ಗುಮಾನಿ, ಅಜ್ಜಿಗೂ ಒಳಗೊಳಗೇ. ಮಗ ಆ ಗುಮಾನಿಯಲ್ಲೇ ಮನೆಗೆ ಬರುವುದನ್ನು ಕಡಿಮೆ ಮಾಡಿದ್ದ. ಒಂದು ಜೋಡಣೆ ತಪ್ಪಿ ತಾಯಿ ಮಗ ಮಾತು ಬಿಟ್ಟಿದ್ದರು.

ಮೂರನೆಯ ತಂಡದವರು ಜೋಡಣೆಯನ್ನು ಅಂಚೆ ಖಾತೆಗೆ ತಿರುಗಿಸಿದರು. ಅದಕ್ಕೆ ಬೆರಳಚ್ಚು ಬೇಕು. ಎಪ್ಪತ್ತು ವರ್ಷ ಕಳೆ ಕಿತ್ತ, ಪಾತ್ರೆ ಬೆಳಗಿದ ಬೆರಳು ಯಂತ್ರಕ್ಕೆ ಹತ್ತಲಿಲ್ಲ. ಕೈಗೆ ಎಣ್ಣೆ ತಿಕ್ಕಿಸಿ, ಒರೆಸಿ, ಬೇರೆ ಬೇರೆ ಬೆರಳು ಇಡಿಸಿ, ಕೊನೆಗೆ ಕಣ್ಣಿನ ಗುರುತು ತೆಗೆಸುವ ಆಧಾರ್ ಕೇಂದ್ರಕ್ಕೆ ಮಗನೇ ಗಾಡಿಯಲ್ಲಿ ಕರೆದೊಯ್ದ. ಈಗ ಪಿಂಚಣಿ ಅಂಚೆಯಣ್ಣನ ಕೈಯಿಂದ ಬರುತ್ತಿದೆ. ಹಿಂದಿನ ಹಣ ಇನ್ನೂ ಆ ಬ್ಯಾಂಕಿನಲ್ಲೇ ಇದೆ. ಆ ಖಾತೆಗೆ ಕೊಟ್ಟ ಮೊಬೈಲ್ ನಂಬರು ಗೋವಾಕ್ಕೆ ಕೆಲಸಕ್ಕೆ ಹೋದ ಮೊಮ್ಮಗನದು, ಅದು ಬಂದಾಗಿದೆ. ಕೆವೈಸಿ ಹೊಸದಾಗಿ ಮಾಡಿಸಬೇಕು. ಆಗಸ್ಟಿನಲ್ಲಿ ಬರುವ ತಂಡಕ್ಕೆ ಅದೇ ಮೊದಲ ಕೆಲಸ ಎಂದು ಕಡತದಲ್ಲಿ ಬರೆದಾಗಿದೆ. ಬ್ಯಾಂಕಿಗೆ ಕರೆದೊಯ್ಯುವ ಆಟೋ ಬಾಡಿಗೆಯನ್ನು ಯಾವ ಹೆಡ್‌ನಲ್ಲಿ ತೋರಿಸಬೇಕು ಎಂದು ಕಾಲೇಜಿನ ಲೆಕ್ಕಪತ್ರ ವಿಭಾಗ ಕೇಳಿದೆ.